ಬಡ್ಡಿ ಇಲ್ಲದ ಸೊಸೈಟಿಯ ಆ್ಯಪ್‌ನಲ್ಲಿ ಅಂಗಡಿಗೆ ಫ್ರೀಜರ್ ತಕೊಂಡದ್ದು

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ನಾವು ಹೋಗುವ ಬಡ್ಡಿ ಇಲ್ಲದ ಸೊಸೈಟಿಯವರು ಈಗ ಆ್ಯಪ್ ಬಿಟ್ಟಿದ್ದಾರೆ, ಅಂಗಡಿಗೆ ಫ್ರೀಜರ್ ತಕೊಂಡದ್ದು ಅದ್ರಲ್ಲೇ, ಮುರಾಬಹಾ ಅನ್ನುವ ಇಸ್ಲಾಮಿಕ್ ಕ್ರಮದಲ್ಲಿ. ಒಳ್ಳೇದುಂಟು, ಧೈರ್ಯವಾಗಿ ಹೇಳ್ತೇನೆ.

ಮುರಾಬಹಾ ಅಂದ್ರೆ ಸೊಸೈಟಿ ನಮಗೆ ದುಡ್ಡು ಕೊಡುದಲ್ಲ. ಸಾಮಾನು ಮೊದ್ಲು ಅವ್ರೇ ತಕೊಂಡು, ಅಸಲು ಇಷ್ಟು, ನಮ್ಮ ಲಾಭ ಇಷ್ಟು ಅಂತ ಬಿಡಿಸಿ ಹೇಳಿ ನಮಗೆ ಕಂತಿನಲ್ಲಿ ಮಾರುದು, ಕಂತು ತಡ ಆದ್ರೂ ಆ ಕ್ರಯ ಏರ್ಲಿಕ್ಕಿಲ್ಲ. ಈ ಕ್ರಮ ತಪ್ಪಿದ್ರೆ ಎಂತ ಹೆಸ್ರು ಇಟ್ರೂ ಅದು ಬಡ್ಡಿ ಸಾಲವೇ. ಕ್ಯಾಷ್ ಇದ್ದಾಗ ನೋಟು ಗಿರಾಕಿ ಕೈಗೇ ಕೊಟ್ಟು ಕಾಗದದಲ್ಲಿ ಮಾತ್ರ ಮುರಾಬಹಾ ಅಂತ ಬರೀಲಿಕ್ಕೆ ದಾರಿ ಇತ್ತು. ಈಗ ಕೊಟೇಶನ್‌ನ ಫೋಟೋ ಹಾಕಿದ್ರೆ ಹಣ ಸೀದಾ ಅಂಗಡಿಯವ್ರ ಅಕೌಂಟಿಗೆ ಹೋಗ್ತದೆ, ಬಿಲ್ಲು ಸೊಸೈಟಿ ಹೆಸ್ರಲ್ಲಿ, ಆಮೇಲೆ ನನಗೆ ಮಾರಿದ ಒಪ್ಪಂದ ಫೋನಿಗೆ ಬರ್ತದೆ, ಯಾವುದು ಮೊದ್ಲು ಯಾವುದು ಮತ್ತೆ ಅಂತ ಟೈಮ್ ಸಮೇತ, ಮುಚ್ಚಿಡ್ಲಿಕ್ಕೆ ಜಾಗವೇ ಇಲ್ಲ. ಕ್ಯಾಷ್‌ಲೆಸ್ ಆದದ್ರಿಂದ ನನಗೆ ಕಂಡ ದೊಡ್ಡ ಉಪಕಾರ ಇದೇ, ಲೈನ್ ನಿಲ್ಲುದು ತಪ್ಪಿದ್ದೆಲ್ಲ ಆಮೇಲಿನ ಮಾತು.

ಕಂತು ಯುಪಿಐ ಆಟೋಪೇನಲ್ಲಿ ಹೋಗ್ತದೆ, ತೊಂದ್ರೆ ಆಗ್ಲಿಲ್ಲ.

ಸರಿ ಆಗ್ಲೇಬೇಕಾದ್ದು ಲೇಟ್ ಫೀ. ತಡ ಮಾಡಿದ್ರೆ ಫೀ ಉಂಟು ಅಂತ ಆ್ಯಪ್ ಹೇಳ್ತದೆ, ಅದು ಎಲ್ಲಿಗೆ ಹೋಗ್ತದೆ ಅಂತ ಹೇಳುದಿಲ್ಲ. ಇಸ್ಲಾಮಿಕ್ ಹಣಕಾಸು ಸಂಸ್ಥೆಗಳಿಗೆ ಮಾನದಂಡ ಮಾಡುವ ಬಹರೈನಿನ ಆಯೋಫಿ (AAOIFI) ಸಂಸ್ಥೆಯ ಶರೀಯತ್ ಮಾನದಂಡದ ಪ್ರಕಾರ ಅಂಥ ಹಣ ದಾನಕ್ಕೇ ಹೋಗ್ಬೇಕು, ಸಂಸ್ಥೆಯ ಆದಾಯ ಆಗ್ಲಿಕ್ಕಿಲ್ಲ. ಕೌಂಟರಿನಲ್ಲಿ ಕೇಳಿದ್ರೆ "ದಾನಕ್ಕೇ ಭಾಯ್" ಅಂದ್ರು, ನಂಬ್ತೇನೆ, ಆದ್ರೆ ಬಾಕಿ ಎಲ್ಲದಕ್ಕೂ ರಸೀದಿ ತೋರಿಸುವ ಆ್ಯಪ್ ಇದಕ್ಕೆ ಯಾಕೆ ತೋರಿಸುದಿಲ್ಲ? ಮತ್ತೆ ಇದ್ರಲ್ಲಿ ಮಲಯಾಳ, ಇಂಗ್ಲಿಷ್ ಎರಡೇ. ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತವ್ರು ಎಷ್ಟು ಜನ ಇದ್ದಾರೆ, ಒಪ್ಪಂದ ಓದ್ಲಿಕ್ಕೆ ಆಗದೆ ಒತ್ತುದು ಈ ವ್ಯವಹಾರಕ್ಕೇ ಸರಿಯಲ್ಲ.

ಬ್ಯಾಂಕಿನಲ್ಲೇ ಇದು ಸಿಗ್ತಿದ್ರೆ ಚಂದ ಇತ್ತು. ರಘುರಾಮ್ ರಾಜನ್ ಸಮಿತಿ 2008ರಲ್ಲೇ ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಅಂದಿತ್ತು, 2017ರಲ್ಲಿ ರಿಸರ್ವ್ ಬ್ಯಾಂಕ್ ಆ ವಿಷಯ ಮುಂದುವರಿಸುದಿಲ್ಲ ಅಂತ ಹೇಳಿತು, ಹಾಗಾಗಿ ಸೊಸೈಟಿಗಳೇ ಗತಿ. ಒಂದು ನೆನಪಿರ್ಲಿ, ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಇಂಥ ಪ್ರಾಥಮಿಕ ಸೊಸೈಟಿಗಳಿಗೆ ಇಲ್ಲ. ಸಾಮಾನು ತಕೊಳ್ಳಿಕ್ಕೆ ಕಣ್ಣುಮುಚ್ಚಿ ಹೋಗಿ, ಗಲ್ಫಿಂದ ಬಂದ ಉಳಿತಾಯ ಪೂರ್ತಿ ಇಡುವ ಮೊದ್ಲು ಅವ್ರ ಆಡಿಟ್ ವರದಿ ಕೇಳಿ, ಕೊಡ್ತಾರೆ.