ಪುಸ್ತಕ, ಆ್ಯಪ್, ಸೆನ್ಸರ್: ಗಡಿ ಮುಚ್ಚಿದ ಕಾಲದಲ್ಲಿ ಮಧುಮೇಹದ ನಿಗಾ

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ, ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮನೆಗಳ ಸಕ್ಕರೆ ಕಾಯಿಲೆಯವರಿಗೆ ಮಂಗಳೂರಿನ ವೈದ್ಯರು ಫೋನಿನಲ್ಲಿ ಮಾತ್ರ ಸಿಗುವವರಾದರು. ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಮತ್ತು ರಾತ್ರಿ ಇನ್ಸುಲಿನ್, ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆ. ಮುಂದಿನ ಎರಡು ವರ್ಷಗಳಲ್ಲಿ ಅವರ ನಿಗಾಕ್ಕೆಂದು ನಾವು ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದೆವು: ಬೆರಳು ಚುಚ್ಚಿ ಪುಸ್ತಕದಲ್ಲಿ ಬರೆದು ಕಳುಹಿಸುವುದು, ಬ್ಲೂಟೂತ್ ಇರುವ ಗ್ಲೂಕೋಮೀಟರ್, ಫೋನಿನಲ್ಲೇ ವೈದ್ಯರನ್ನು ಕಾಣಿಸುವ ಸರಕಾರದ ಇ-ಸಂಜೀವನಿ ಮತ್ತು ಹಗಲುರಾತ್ರಿ ಸಕ್ಕರೆ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರ್. ಇವನ್ನು ಅಳೆಯಲು ನಾನು ಇಟ್ಟುಕೊಂಡ ಮಾನದಂಡ ಒಂದೇ: ನಮ್ಮಿಂದ ಹೋದ ಮಾಹಿತಿಯನ್ನು ನೋಡಿ ವೈದ್ಯರಿಗೆ ಔಷಧದ ಪ್ರಮಾಣವನ್ನು ಧೈರ್ಯವಾಗಿ ಬದಲಿಸಲು, ಅಥವಾ ಬದಲಿಸಬೇಡಿ ಎನ್ನಲು ಸಾಧ್ಯವಾಯಿತೇ?

ಮೊದಲನೆಯದು ಅತ್ಯಂತ ಸರಳ. ಎರಡು ರೇಖೆಯ ನೋಟ್ ಪುಸ್ತಕದಲ್ಲಿ ಹೊತ್ತು, ಅಂಕಿ, ತಿಂದದ್ದು, ಇನ್ಸುಲಿನ್ ಯುನಿಟ್ ಎಂಬ ನಾಲ್ಕು ಅಂಕಣ ಹಾಕಿ, ವಾರಕ್ಕೊಮ್ಮೆ ಆ ಪುಟದ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ವೈದ್ಯರಿಗೆ ಕಳುಹಿಸುತ್ತಿದ್ದೆವು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದದ್ದರಿಂದ ಫೋನಿನ ಮೂಲಕ ಸಲಹೆ ನೀಡಲು ವೈದ್ಯರಿಗೂ ಸ್ಪಷ್ಟ ನಿಯಮದ ಆಧಾರ ದೊರಕಿತ್ತು. ಈ ವಿಧಾನದ ಬಲವೆಲ್ಲ ಮೂರನೆಯ ಅಂಕಣದಲ್ಲಿದೆ. ಮೇ ತಿಂಗಳ ಒಂದು ಪುಟದಲ್ಲಿ ಖಾಲಿ ಹೊಟ್ಟೆಯಲ್ಲಿ 142 (ಮಿ.ಗ್ರಾಂ/ಡೆಸಿಲೀಟರ್) ಇದ್ದದ್ದು ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ಬಳಿಕ 268ಕ್ಕೆ ಏರಿತ್ತು; ಪಕ್ಕದಲ್ಲಿ ‘ಕುಚ್ಚಲಕ್ಕಿ ಅನ್ನ, ಸಾರು, ಹಲಸಿನ ಹಣ್ಣು ಆರು ಸೊಳೆ’ ಎಂದು ಬರೆದಿದ್ದೆ. ಅದನ್ನು ನೋಡಿದ ವೈದ್ಯರು, ‘ಇನ್ಸುಲಿನ್ ಏರಿಸುವುದು ಬೇಡ, ಅಮ್ಮನಿಗೆ ಹಣ್ಣು ಎರಡು ಸೊಳೆ ಸಾಕು’ ಎಂದರು. ಬರೀ 268 ಎಂಬ ಅಂಕಿ ಹೋಗಿದ್ದರೆ ಯುನಿಟ್ ಏರುತ್ತಿತ್ತು, ಹಲಸಿನ ಕಾಲ ಮುಗಿದ ಮೇಲೆ ಸಕ್ಕರೆ ಕುಸಿಯುವ ಅಪಾಯವೂ ಇರುತ್ತಿತ್ತು.

ಆದರೆ ಅಂಕಿ ಸರಿಯಾಗಿರಬೇಕಾದರೆ ಚುಚ್ಚುವ ಕೈ ಶುದ್ಧವಾಗಿರಬೇಕು. ಹಣ್ಣು ಬಿಡಿಸಿದ ಬೆರಳಿನಲ್ಲಿ ಉಳಿದ ರಸ ರಕ್ತದ ಹನಿಗೆ ಸೇರಿದರೆ ಇಲ್ಲದ ಏರಿಕೆ ಕಾಣಿಸುತ್ತದೆ. ಸ್ಯಾನಿಟೈಸರ್ ಹಚ್ಚಿ ಒಣಗುವ ಮೊದಲೇ ಚುಚ್ಚಿದರೂ ಅಂಕಿಯನ್ನು ನಂಬುವಂತಿಲ್ಲ. ಸಾಬೂನು, ನೀರು, ಒಣ ಬಟ್ಟೆ, ಆಮೇಲೆ ಬೆರಳ ತುದಿಯ ಬದಿಗೆ ಚುಚ್ಚುವುದು, ಇದೇ ಕ್ರಮ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ, ರಕ್ತದ ಹನಿ ತಾಗಿಸುವ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ಅರೆ ತೆರೆದಿದ್ದರೂ ಸ್ಟ್ರಿಪ್ ಕೆಡುತ್ತದೆ. ಇಷ್ಟೆಲ್ಲ ಮಾಡಿದರೂ ಒಳ್ಳೆಯ ಮೀಟರಿಗೂ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಶೇಕಡಾ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅಂದರೆ 200 ಎಂದು ತೋರಿಸಿದ್ದು ನಿಜವಾಗಿ 175 ಇರಬಹುದು, 235 ಕೂಡ ಇರಬಹುದು. ಹಾಗಾಗಿ ಒಂದೇ ಅಂಕಿಗೆ ಹೆದರದೆ ವಾರದ ಸಾಲನ್ನು ನೋಡಬೇಕು ಎಂಬುದನ್ನು ಮನೆಯವರೆಲ್ಲ ಕಲಿಯಬೇಕಾಯಿತು.

ಬ್ಲೂಟೂತ್ ಮೀಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕಿಗಳು ತಾವಾಗಿಯೇ ಫೋನಿಗೆ ಹೋಗುತ್ತವೆ, ಬರೆಯುವಾಗ 186 ಎಂಬುದು 168 ಆಗುವುದಿಲ್ಲ, ದುಬೈಯಲ್ಲಿರುವ ಮೈದುನ ತನ್ನ ಅಮ್ಮನ ಬೆಳಗಿನ ಅಂಕಿಯನ್ನು ಅಲ್ಲಿಂದಲೇ ನೋಡಬಹುದು. ಊರಿಗೆ ಬರಲಾಗದ ಮಕ್ಕಳಿಗೆ ಅದು ದೊಡ್ಡ ಸಮಾಧಾನವೇ ಸರಿ. ಆದರೆ ಊಟವನ್ನು ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲಿ ತುಂಬಬೇಕು, ಅದರ ಪಟ್ಟಿಯಲ್ಲಿ ಗಂಜಿಯೂ ಇಲ್ಲ, ಪತ್ರೊಡೆಯೂ ಇಲ್ಲ. ಹೀಗಾಗಿ ವೈದ್ಯರಿಗೆ ತಲುಪಿದ್ದು ಕಾರಣವಿಲ್ಲದ ಏರಿಳಿತದ ಗೆರೆ ಮಾತ್ರ. ಕೊನೆಗೆ ಅವರೇ ಹಳೆಯ ಪುಸ್ತಕದ ಫೋಟೋ ಕಳುಹಿಸಿ ಎಂದರು.

ಇ-ಸಂಜೀವನಿ ಕೇರಳದಲ್ಲಿ 2020ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಹಣ ಕೊಡಬೇಕಿಲ್ಲ, ಟೋಕನ್ ಪಡೆದು ಕಾದರೆ ವಿಡಿಯೊದಲ್ಲಿ ವೈದ್ಯರು ಸಿಗುತ್ತಾರೆ, ಚೀಟಿ ಫೋನಿಗೇ ಬರುತ್ತದೆ. ಮಾತ್ರೆ ಮುಂದುವರಿಸಲು, ಸಣ್ಣ ಜ್ವರಕ್ಕೆ, ಕಾಲುನೋವಿಗೆ ಇದಕ್ಕಿಂತ ಸುಲಭದ ದಾರಿ ನಮಗೆ ಕಾಣಲಿಲ್ಲ. ಅತ್ತೆಗೆ ಮಲಯಾಳ ಅಷ್ಟಾಗಿ ಬಾರದ ಕಾರಣ ನಾನು ಪಕ್ಕದಲ್ಲಿ ಕುಳಿತು ಎರಡೂ ಕಡೆಯ ಮಾತನ್ನು ದಾಟಿಸಬೇಕಾಗುತ್ತಿತ್ತು. ಸಾಮಾನ್ಯ ಒಪಿಯಲ್ಲಿ ಆ ಹೊತ್ತಿಗೆ ಸರದಿಯಲ್ಲಿರುವ ವೈದ್ಯರು ಮಾತಾಡುವುದರಿಂದ, ತಿಂಗಳುಗಟ್ಟಲೆ ಒಬ್ಬರೇ ನೋಡಿ ಇನ್ಸುಲಿನ್ ಹೊಂದಿಸುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಯಾವ ಫೋನಿನಿಂದಲೂ ಆಗದ ಒಂದು ಕೆಲಸವನ್ನು ಪಂಚಾಯತಿನ ಪಾಲಿಯೇಟಿವ್ (ಉಪಶಮನ ಆರೈಕೆ) ತಂಡದ ನರ್ಸ್ ಮನೆಗೆ ಬಂದು ಮಾಡಿಕೊಟ್ಟರು. ಅವರು ಅತ್ತೆಯ ಪಾದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಕಿರುಬೆರಳ ಸಂದಿಯಲ್ಲಿ ನೋವೇ ಇಲ್ಲದ ಒಂದು ಒಡಕು ಕಂಡಿತು. ಸ್ಪರ್ಶ ಕುಂದಿದ ಪಾದದಲ್ಲಿ ಹುಣ್ಣು ಆಗುವುದು ಹೀಗೆಯೇ, ಯಾರಿಗೂ ತಿಳಿಯದಂತೆ. ದೂರದ ನಿಗಾ ಎಷ್ಟೇ ಚೆನ್ನಾಗಿದ್ದರೂ ಪಾದ, ರಕ್ತದೊತ್ತಡ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಇವಕ್ಕೆ ಎದುರಿನಲ್ಲಿ ಒಬ್ಬರು ಬೇಕೇ ಬೇಕು.

ಸೆನ್ಸರಿನ ನಿಜವಾದ ಬೆಲೆ ತಿಳಿದದ್ದು 2021ರ ಎರಡನೆಯ ಅಲೆಯಲ್ಲಿ. ಆಮ್ಲಜನಕದ ಅಗತ್ಯವಿದ್ದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸಾವನ್ನು ಕಡಿಮೆ ಮಾಡುತ್ತದೆ ಎಂಬುದು ಹಿಂದಿನ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದಿಂದ ಖಚಿತವಾಗಿತ್ತು; ಅತ್ತೆಗೂ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟು, ಮನೆಗೆ ಬರುವಾಗ ಕ್ರಮೇಣ ಇಳಿಸುತ್ತ ಬರಬೇಕಾದ ಪ್ರೆಡ್ನಿಸೋಲೋನ್ ಮಾತ್ರೆ ಬರೆದುಕೊಟ್ಟರು. ಸಕ್ಕರೆ ಏರಿದವರನ್ನು ಕಪ್ಪು ಶಿಲೀಂಧ್ರ ಹುಡುಕಿಕೊಂಡು ಬರುತ್ತಿದ್ದ ದಿನಗಳವು, ಮನೆಯಲ್ಲಿ ಎಲ್ಲರಿಗೂ ಭಯ. ಖಾಲಿ ಹೊಟ್ಟೆಯ ಅಂಕಿ 130ರ ಆಸುಪಾಸಿನಲ್ಲೇ ಇದ್ದದ್ದರಿಂದ ಪುಸ್ತಕ ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ತೋರುತ್ತಿತ್ತು. ವೈದ್ಯರ ಸಲಹೆಯಂತೆ ತೋಳಿನ ಹಿಂಭಾಗಕ್ಕೆ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಅಂಟಿಸಿದ ಮೇಲೆ ಬೇರೆಯೇ ಚಿತ್ರ ಕಂಡಿತು: ಬೆಳಿಗ್ಗೆ ನುಂಗಿದ, ಸಕ್ಕರೆ ಏರಿಸುವ ಸ್ಟೀರಾಯ್ಡ್ ಮಾತ್ರೆಯ ಪ್ರಭಾವದಿಂದ ಮಧ್ಯಾಹ್ನದ ಊಟದಿಂದಲೇ ಗೆರೆ ಏರತೊಡಗಿ, ಸಂಜೆಯ ಚಹಾದ ಹೊತ್ತಿಗೆ 300 ದಾಟಿ, ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಇಳಿಯುತ್ತಿತ್ತು. ವೈದ್ಯರು ರಾತ್ರಿಯ ಇನ್ಸುಲಿನನ್ನು ಮುಟ್ಟದೆ ಬೆಳಗಿನದನ್ನು ಮಾತ್ರ ಏರಿಸಿದರು. ಮಾತ್ರೆ ಇಳಿದಂತೆ ಯುನಿಟ್‌ಗಳನ್ನೂ ಇಳಿಸುತ್ತ ಬಂದರು. ಮಾತ್ರೆ ನಿಂತ ಮೇಲೆ ಒಂದು ಬೆಳಿಗ್ಗೆ ಸ್ಕ್ಯಾನ್ ಮಾಡಿದಾಗ, ಹಿಂದಿನ ರಾತ್ರಿ ಮೂರು ಗಂಟೆಗೆ ಗೆರೆ 70ರ ಕೆಳಗೆ ಜಾರಿ ಆರರ ಹೊತ್ತಿಗೆ 110ಕ್ಕೆ ಮರಳಿದ್ದು ಕಾಣಿಸಿತು. ಅತ್ತೆ ಆ ಮಗ್ಗುಲಿಗೆ ಮಲಗಿ ಸೆನ್ಸರ್ ಒತ್ತಿಕೊಂಡಿದ್ದರೂ ಹಾಗೆ ಸುಳ್ಳು ಇಳಿಕೆ ತೋರುವುದುಂಟು. ಆದ್ದರಿಂದ ಮರುರಾತ್ರಿ ಅದೇ ಹೊತ್ತಿಗೆ ಎಬ್ಬಿಸಿ ಬೆರಳು ಚುಚ್ಚಿದೆವು. 61 ಇತ್ತು. ಬೆಳಗಾದ ಕೂಡಲೇ ವೈದ್ಯರು ರಾತ್ರಿಯ ಇನ್ಸುಲಿನನ್ನು ಇಳಿಸಿದರು. ಪುಸ್ತಕವೊಂದನ್ನೇ ನಂಬಿದ್ದರೆ ಈ ಇಳಿಕೆ ಎಂದಿಗೂ ಕಾಣುತ್ತಿರಲಿಲ್ಲ.

ಹಾಗೆಂದು ಸೆನ್ಸರೇ ಎಲ್ಲವೂ ಅಲ್ಲ. ನಾವು ಹಾಕಿಸಿದ್ದರ ಆಯುಸ್ಸು 14 ದಿನಕ್ಕೆ ಮುಗಿಯುತ್ತಿತ್ತು, ಒಂದಕ್ಕೆ ಕೆಲವು ಸಾವಿರ ರೂಪಾಯಿ. ಓದಲು ಎನ್‌ಎಫ್‌ಸಿ (ಹತ್ತಿರ ಹಿಡಿದರೆ ಮಾಹಿತಿ ಓದುವ ಸೌಲಭ್ಯ) ಇರುವ ಫೋನ್ ಅಥವಾ ಪ್ರತ್ಯೇಕ ರೀಡರ್ ಬೇಕು. ನಾವು ಬಳಸಿದ ಮಾದರಿಯಲ್ಲಿ ಎಂಟು ಗಂಟೆಯೊಳಗೆ ಒಮ್ಮೆ ಸ್ಕ್ಯಾನ್ ಮಾಡದಿದ್ದರೆ ಹಳೆಯ ಅಂಕಿಗಳು ಅಳಿದುಹೋಗುತ್ತವೆ, ಸಕ್ಕರೆ ಇಳಿದರೆ ಎಚ್ಚರಿಸುವ ಅಲಾರಂ ಇಲ್ಲ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಸಕ್ಕರೆ ವೇಗವಾಗಿ ಬದಲಾಗುವಾಗ ಕೆಲವು ನಿಮಿಷ ಹಿಂದೆಯೇ ಇರುತ್ತದೆ. ಕೋವಿಡ್ ಎಂದು ಮನೆಮನೆಯಲ್ಲಿ ನುಂಗಿದ ವಿಟಮಿನ್ ಸಿ ಮಾತ್ರೆ ಹೆಚ್ಚಾದರೆ ಅಂಕಿ ಇದ್ದದ್ದಕ್ಕಿಂತ ಮೇಲಕ್ಕೆ ತೋರಬಹುದು ಎಂಬುದನ್ನೂ ನೆನಪಿಡಬೇಕು.

ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ನಿತ್ಯಕ್ಕೆ ಪುಸ್ತಕ; ಔಷಧ ಬದಲಾದಾಗ, ಸ್ಟೀರಾಯ್ಡ್ ತೆಗೆದುಕೊಳ್ಳಬೇಕಾಗಿ ಬಂದಾಗ, ರಾತ್ರಿ ಬೆವರಿ ಎಚ್ಚರವಾದಾಗ ಒಂದು ಸೆನ್ಸರ್. ಬರೀ ಮಾತ್ರೆಯಲ್ಲಿ ಸಕ್ಕರೆ ಹತೋಟಿಯಲ್ಲಿರುವವರಿಗೆ ಸೆನ್ಸರಿನ ಖರ್ಚು ಬೇಡವೆಂದೇ ನನ್ನ ಅಭಿಪ್ರಾಯ; ಇನ್ಸುಲಿನ್ ಚುಚ್ಚಿಕೊಳ್ಳುವ ವಯಸ್ಸಾದವರಿಗೆ ಒಮ್ಮೆಯಾದರೂ ಹಾಕಿಸಿ ಎನ್ನುತ್ತೇನೆ. ವೈದ್ಯರು ಫೋನಿಗೆ ಸಿಗದ ಹೊತ್ತಿಗೆಂದು ಅವರಿಂದಲೇ ಕೇಳಿ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಎರಡು ಸಾಲು ಬರೆದಿಟ್ಟಿದ್ದೇವೆ: 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆಯ ನೀರು ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ಚುಚ್ಚುವುದು, 300 ಮೀರಿ ವಾಂತಿಯೋ ಏದುಸಿರೋ ಮಂಪರೋ ಇದ್ದರೆ ಯಾರಿಗೂ ಫೋಟೋ ಕಳುಹಿಸುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೊರಡುವುದು.