ಭೀಮಾಶಂಕರದ ಕಾಡಿಗೆ 8×42 ದುರ್ಬೀನು: ನನ್ನ ಅನುಭವ

ಪುಣೆಯ ಕ್ಯಾಂಪ್ ಬಡಾವಣೆಯ ಅಂಗಡಿಗಳಲ್ಲಿ ದುರ್ಬೀನು ಕೇಳಿದರೆ ಮೊದಲು ಕೈಗಿಡುವುದು 12×25, ಅಂದರೆ ಹನ್ನೆರಡು ಪಟ್ಟು ಹತ್ತಿರ ತೋರಿಸುವ ಚಿಕ್ಕದು. ಜೇಬಿಗೆ ಹಿಡಿಸುತ್ತದೆ, ಜಾಸ್ತಿ ದೂರದ್ದು ಕಾಣುತ್ತದೆ ಅನ್ನುತ್ತಾರೆ. ಕಾಡಿನಲ್ಲಿ ಅಳಿಲಿನ ಎಣಿಕೆಗೆ ಹೋಗುವವರು ಅದನ್ನು ಬಿಟ್ಟು 8×42 ಕೇಳಿ. ನಾನು ಅದನ್ನೇ ಕೊಂಡೆ, ತುಂಬಾ ಖುಷಿಯಿದೆ.

ಭೀಮಾಶಂಕರ ಅಭಯಾರಣ್ಯ ಸುಮಾರು 130 ಚದರ ಕಿಲೋಮೀಟರಿನ ಬೆಟ್ಟದ ಕಾಡು. ಅಲ್ಲಿನ ಹೆಮ್ಮೆ ಶೇಕರು, ಅಂದರೆ ನಮ್ಮ ಮಲೆನಾಡಿನ ಕೆಂದಳಿಲು. ಮಹಾರಾಷ್ಟ್ರದ ರಾಜ್ಯಪ್ರಾಣಿಯೂ ಅದೇ. ಎಣಿಸುವಾಗ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅಳಿಲಲ್ಲ, ಅದರ ಗೂಡು. ಅಕ್ಕಪಕ್ಕದ ಮರಗಳ ಕೊಂಬೆಗಳು ಕೂಡುವ ಕಡೆ, ಎತ್ತರದಲ್ಲಿ ಕಟ್ಟಿರುತ್ತದೆ. ಒಂದೇ ಅಳಿಲಿಗೆ ಹಲವು ಗೂಡು ಇರುವುದರಿಂದ ಗೂಡಿನ ಲೆಕ್ಕವೇ ಅಳಿಲಿನ ಲೆಕ್ಕವಲ್ಲ. ಹಾಗಾಗಿ ಈಗ ಬಳಕೆಯಲ್ಲಿರುವ ಗೂಡೋ, ಬಿಟ್ಟುಹೋದ ಗೂಡೋ ಅಂತ ನೋಡಬೇಕು. ಹೊಸದರಲ್ಲಿ ಹಸಿ ಎಲೆ ಕಾಣುತ್ತದೆ, ಹಳೆಯದು ಒಣಗಿ ಕುಸಿದಿರುತ್ತದೆ. ಗೂಡು ಇದೆ ಅನ್ನುವುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಎಲೆಯ ಬಣ್ಣಕ್ಕೆ ಮಾತ್ರ ಒಳ್ಳೆಯ ಗಾಜು ಬೇಕೇ ಬೇಕು.

8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿ: ಕಣ್ಣಿಗೆ ಬರುವ ಬೆಳಕಿನ ಕಂಬ 5 ಮಿಲಿಮೀಟರಿಗೂ ಸ್ವಲ್ಪ ದಪ್ಪ. 12×25ರಲ್ಲಿ ಅದು 2 ಅಷ್ಟೇ. ಬೆಳಗಿನ ಹೊತ್ತು, ದಟ್ಟ ಎಲೆಯ ಕೆಳಗೆ ನಿಂತು ನೋಡಿದರೆ ಗೆಳತಿಯ 12×25ರಲ್ಲಿ ಕಂಡದ್ದು ಬರೀ ಕಪ್ಪು ಗಂಟು. ನನ್ನದರಲ್ಲಿ ಎಲೆ ಹಸಿರಾಗಿ ಕಂಡಿತು. ಕತ್ತೆತ್ತಿ ನೋಡುವಾಗ ಕೈ ನಡುಗುತ್ತದೆ, ಅಲ್ವಾ? 12×25ರಲ್ಲಿ ಆ ನಡುಕವೂ ಹನ್ನೆರಡು ಪಟ್ಟಾಗುತ್ತದೆ.

ಒಳಗೆ ಸಾರಜನಕ ತುಂಬಿರುವುದರಿಂದ ಮಳೆಗಾಲದ ಮಂಜಿನಲ್ಲೂ ಒಳಗಾಜು ಮಬ್ಬಾಗಲಿಲ್ಲ. ಹೊರಗಾಜನ್ನು ಮಾತ್ರ ಒರೆಸುತ್ತಲೇ ಇರಬೇಕು. ಬೇಜಾರಾಗಿದ್ದು ಕುತ್ತಿಗೆಗೆ ಹಾಕುವ ಪಟ್ಟಿ. ಸುಮಾರು 700 ಗ್ರಾಂ ತೂಕಕ್ಕೆ ಅಷ್ಟು ತೆಳು ಪಟ್ಟಿ ಕೊಟ್ಟರೆ ಮಧ್ಯಾಹ್ನದೊಳಗೆ ಕುತ್ತಿಗೆ ನೋವು. ಎರಡೂ ಹೆಗಲಿಗೆ ಹಾಕುವ ಪಟ್ಟಿ ಬೇರೆ ತಗೊಂಡೆ. ಗಾಜಿನ ಮುಚ್ಚಳವೂ ಸಡಿಲ.

ಕೊಳ್ಳುವ ಮೊದಲು ಅಂಗಡಿಯ ದೀಪದಲ್ಲಿ ಸುಮ್ನೆ ನೋಡಿ ಒಪ್ಪಬೇಡಿ. ಕೇಳಿಕೊಂಡು ಹೊರಗೆ ಬನ್ನಿ, ರಸ್ತೆಬದಿಯ ಯಾವುದಾದರೂ ದೊಡ್ಡ ಮರದ ನೆರಳಿನೊಳಗೆ ನೋಡಿ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ. ಅಂಚು ಕಪ್ಪಾಗದೆ ಪೂರ್ತಿ ವೃತ್ತ ಕಂಡರೆ ಮಾತ್ರ ದುಡ್ಡು ಕೊಡಿ.