ರಾಕ್‌ಫಿಶ್ ಬೇಟೆಗೆ ಹಂಚಿಕೆಯ ದೋಣಿಯೋ, ಪೂರ್ತಿ ಬಾಡಿಗೆಯ ದೋಣಿಯೋ?

ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದ ಫ್ಯಾರಲಾನ್ ದ್ವೀಪಗಳ ಬಳಿ ರಾಕ್‌ಫಿಶ್ (ಸಮುದ್ರತಳದ ಬಂಡೆಗಳ ಬಳಿ ಬದುಕುವ ಮೀನು) ಹಿಡಿಯಲು ಹೊರಡುವ ಒಬ್ಬರಿಬ್ಬರಿಗೆ ಸೀಟಿನ ಲೆಕ್ಕದ ಹಂಚಿಕೆಯ ದೋಣಿಯೇ ಅಗ್ಗ; ಆರು ಜನರ ಗುಂಪಾದರೆ ಇಡೀ ದೋಣಿಯ ಬಾಡಿಗೆ ಎಲ್ಲರಿಗೂ ಹಂಚಿಹೋಗಿ ಅಂತರ ಕುಗ್ಗುತ್ತದೆ.

ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ಮುಖ್ಯವಾದುದು ಸಮುದ್ರ. ಹಂಚಿಕೆಯ ದೊಡ್ಡ ದೋಣಿ ಅಲೆಗಳಲ್ಲಿ ಕಡಿಮೆ ಹೊಯ್ದಾಡುತ್ತದೆಯಾದರೂ, ಒಬ್ಬರಿಗೆ ವಾಕರಿಕೆ ಬಂದಿತೆಂದು ಅದು ದಡಕ್ಕೆ ಮರಳುವುದಿಲ್ಲ. ಪೂರ್ತಿಯಾಗಿ ಪಡೆದ ಚಿಕ್ಕ ದೋಣಿ ಹೆಚ್ಚು ಕುಲುಕುತ್ತದೆ. ಆದರೆ ಮಕ್ಕಳನ್ನು ಕರೆದೊಯ್ದವರು ದೋಣಿಯ ನಾಯಕರನ್ನು ಕೇಳಿಕೊಂಡು ಬೇಗ ಹಿಂದಿರುಗಬಹುದು.

ಅಕ್ಕಪಕ್ಕದವರ ದಾರಗಳೊಂದಿಗೆ ನಮ್ಮ ದಾರ ಸಿಕ್ಕಾಗುವುದು ಹಂಚಿಕೆಯ ದೋಣಿಯ ಕೊರತೆ. ಅದನ್ನು ಬಿಡಿಸಿ, ಗಾಳ ಕಟ್ಟುವುದನ್ನು ತೋರಿಸಿಕೊಡುವ ಸಹಾಯಕರು ಅಲ್ಲಿರುವುದರಿಂದ, ಒಂಟಿಯಾಗಿ ಕಲಿಯಹೊರಟವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ರಾಕ್‌ಫಿಶ್‌ಗೆ ಒಬ್ಬರಿಗೆ ಒಂದು ದಾರ, ಹೆಚ್ಚೆಂದರೆ 2 ಗಾಳ ಎಂಬ ಕ್ಯಾಲಿಫೋರ್ನಿಯಾದ ನಿಯಮ ಎರಡರಲ್ಲೂ ಅನ್ವಯಿಸುತ್ತದೆ.